ಅಡಿ ಲೆಕ್ಕದ ದ್ವೀಪಗಳು

ಶಿವಮೊಗ್ಗದ ಕಡೆ ಬರುವ ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಜಲಾಶಯಗಳ ನೀರಿನ ಮಟ್ಟ ಹೇಳುವ ಒಂದು ಪುಟ್ಟ ಚೌಕ ಇರುತ್ತದೆ. ಲಿಂಗನಮಕ್ಕಿ ಗರಿಷ್ಠ ಮಟ್ಟ 1819 ಅಡಿ, ಭದ್ರಾ 186 ಅಡಿ, ತುಂಗಾ 588.24 ಮೀಟರ್. ಪಕ್ಕದಲ್ಲಿ ಇವತ್ತಿನ ಮಟ್ಟ, ಒಳಹರಿವು, ಹೊರಹರಿವು, ಹೋದ ವರ್ಷ ಇದೇ ದಿನ ಎಷ್ಟಿತ್ತು ಎಂಬ ಲೆಕ್ಕ. ಅಡಿಕೆ ಧಾರಣೆ ನೋಡುವಷ್ಟೇ ಶ್ರದ್ಧೆಯಿಂದ ನಮ್ಮ ಜನ ಇದನ್ನು ನೋಡುತ್ತಾರೆ. ಗದ್ದೆಯವರಿಗೆ ನಾಲೆಯ ಚಿಂತೆ, ಉಳಿದವರಿಗೆ ಕರೆಂಟಿನ ಚಿಂತೆ. ನಾನು ನೋಡುವುದು ಕ್ಯಾಮೆರಾ ಬ್ಯಾಗು ಯಾವಾಗ ಕಟ್ಟಬೇಕು ಅಂತ ತಿಳಿಯಲಿಕ್ಕೆ.

ದ್ವೀಪದಲ್ಲಿ ಹಕ್ಕಿ, ಹಾಳುಬಿದ್ದ ಕಟ್ಟಡ, ಇವುಗಳ ಫೋಟೋ ತೆಗೆಯುವ ಹುಚ್ಚು ನನಗೆ ಇದೆ ಅಂದರೆ ಬೆಂಗಳೂರಿನ ಸ್ನೇಹಿತರು ಅಂಡಮಾನಿಗೆ ಹೋಗಿದ್ರಾ, ಲಕ್ಷದ್ವೀಪಕ್ಕಾ ಅಂತ ಕೇಳುತ್ತಾರೆ. ಸಾಗರ, ಲಕ್ಕವಳ್ಳಿ ಅಂದರೆ ಅವರ ಮುಖದಲ್ಲಿ ಸ್ವಲ್ಪ ನಿರಾಸೆ. ಆದರೆ ಶರಾವತಿ ಮತ್ತು ಭದ್ರೆಯ ಹಿನ್ನೀರಿನಲ್ಲಿ ಇರುವಷ್ಟು ನಡುಗಡ್ಡೆಗಳನ್ನು ಯಾರೂ ಸರಿಯಾಗಿ ಎಣಿಸಿಕೊಟ್ಟಿದ್ದು ನಾನು ಕಂಡಿಲ್ಲ. ಎಣಿಸುವುದು ಸುಲಭವೂ ಅಲ್ಲ. ಎಲ್ಲವೂ ಗುಡ್ಡದ ನೆತ್ತಿಗಳು. ಅಣೆಕಟ್ಟು ಕಟ್ಟಿ ಕಣಿವೆಗೆ ನೀರು ನಿಂತಾಗ ಮುಳುಗದೆ ಉಳಿದವು. ದಸರೆಯ ಹೊತ್ತಿಗೆ ಬರೀ ಮರದ ತುದಿ ಕಾಣುವ ಕಡೆ ಏಪ್ರಿಲ್ಲಿನಲ್ಲಿ ದನ ಮೇಯುವಷ್ಟು ನೆಲ ಎದ್ದಿರುತ್ತದೆ. ಎರಡು ದ್ವೀಪ ಅಂದುಕೊಂಡದ್ದು ಮೇ ತಿಂಗಳಲ್ಲಿ ಒಂದೇ ಆಗಿ, ಇನ್ನೂ ಇಳಿದರೆ ದಡಕ್ಕೇ ಸೇರಿಹೋಗುತ್ತದೆ. ಇವುಗಳ ನಕ್ಷೆ ಬರೆಯುವುದಾದರೆ ತಿಂಗಳಿಗೊಂದು ಬರೆಯಬೇಕು.

ಮೊದಲು ಭದ್ರೆ. ಶಿವಮೊಗ್ಗದಿಂದ ಲಕ್ಕವಳ್ಳಿಗೆ ಹೆಚ್ಚೆಂದರೆ ಒಂದು ಗಂಟೆಯ ದಾರಿ. ಅಣೆಕಟ್ಟಿನ ಹಿಂದೆ ಭದ್ರಾ ಹುಲಿ ಸಂರಕ್ಷಿತ ಪ್ರದೇಶದ ಕಾಡು ನೀರಿನ ಅಂಚಿಗೇ ಇಳಿದು ನಿಂತಿದೆ. ಮಳೆಗಾಲದಲ್ಲಿ ತುಂಬಿದ ನೀರನ್ನು ಜನವರಿಯಿಂದ ಬೇಸಿಗೆ ಬೆಳೆಗೆ ನಾಲೆಗಳಲ್ಲಿ ಬಿಡುತ್ತಾರೆ. ಭದ್ರಾವತಿ, ದಾವಣಗೆರೆ ಕಡೆಯ ಗದ್ದೆಗಳಿಗೆ ಅದು ಹೋದ ಹಾಗೆಲ್ಲ ಇಲ್ಲಿ ಜಲಾಶಯ ಇಳಿದು, ಮುಳುಗಿದ್ದ ಬೋಳು ದಿಬ್ಬಗಳು ಮೇಲೆ ಬರುತ್ತವೆ. ಪೊದೆ ಇಲ್ಲ, ಮರ ಇಲ್ಲ, ಇದ್ದರೆ ಅರವತ್ತು ವರ್ಷ ನೀರಲ್ಲಿ ನೆನೆದು ಕಪ್ಪಾದ ಬೊಡ್ಡೆಗಳು. ಸುತ್ತ ನೀರು ಇರುವುದರಿಂದ ನಾಯಿ ನರಿಗಳ ಕಾಟ ಕಡಿಮೆ. ರಿವರ್ ಟರ್ನ್ ಹಕ್ಕಿಗೆ ಬೇಕಾದ್ದು ಇಂಥದೇ ಜಾಗ. ಹೊಳೆ ನಡುವಿನ ಮರಳು ದಿಬ್ಬಗಳಲ್ಲಿ ಮೊಟ್ಟೆ ಇಡುವ ಜಾತಿ ಇದು. ಮರಳೆಲ್ಲ ಲಾರಿ ಹತ್ತಿ ಊರು ಸೇರಿದ ಮೇಲೆ ಇಂಥ ದಿಬ್ಬಗಳ ಬೆಲೆ ಇನ್ನೂ ಹೆಚ್ಚಿದೆ. ದಾವಣಗೆರೆಯ ರೈತ ತನ್ನ ಭತ್ತಕ್ಕೆ ನೀರು ಬಿಡಿಸಿಕೊಂಡಾಗ ಎಲ್ಲೋ ಮೇಲೆ ಒಂದು ಹಕ್ಕಿಗೆ ಬಾಣಂತಿ ಕೋಣೆ ಸಿದ್ಧವಾಗುತ್ತದೆ ಎಂಬುದು ಅವನಿಗೆ ಗೊತ್ತಿರಲಿಕ್ಕಿಲ್ಲ.

ದೋಣಿಯ ಇಂಜಿನ್ ನಿಲ್ಲಿಸಿ ದೂರದಲ್ಲಿ ತೇಲುತ್ತ ನಿಂತರೆ ಮೊದಲು ಗದ್ದಲ ಕೇಳುತ್ತದೆ. ಕರಿ ಟೋಪಿ, ಕಿತ್ತಳೆ ಬೆರೆತ ಹಳದಿ ಕೊಕ್ಕು, ಕೆಂಪು ಕಾಲು, ಕವಲೊಡೆದ ಉದ್ದ ಬಾಲ. ಗಂಡು ಕೊಕ್ಕಲ್ಲಿ ಮೀನು ಹಿಡಿದು ಹೆಣ್ಣಿನ ಮುಂದೆ ಮೆರವಣಿಗೆ ಮಾಡುತ್ತದೆ. ಕೊಟ್ಟ ಮೀನು ಚಿಕ್ಕದಾಗಿದ್ದರೆ ಹೆಣ್ಣು ಮುಖ ತಿರುಗಿಸುವುದೂ ಉಂಟು (ಇದು ನನ್ನ ಅಂದಾಜು, ಪಕ್ಷಿತಜ್ಞರು ಬೈಯಬಾರದು). ಗೂಡು ಅಂತ ಏನೂ ಇಲ್ಲ. ನೆಲದಲ್ಲಿ ಎದೆಯಿಂದ ಒತ್ತಿ ಮಾಡಿದ ಒಂದು ತಗ್ಗು. ಅದರಲ್ಲಿ ಹೆಚ್ಚಾಗಿ ಮೂರು ಮೊಟ್ಟೆ, ಮಣ್ಣು ಬೂದು ಬಣ್ಣದ ಮೇಲೆ ಕಂದು ಚುಕ್ಕೆ. ಉದ್ದ ಲೆನ್ಸಿನಲ್ಲಿ ನೋಡುವಾಗಲೂ ಹರಳುಕಲ್ಲು ಯಾವುದು, ಮೊಟ್ಟೆ ಯಾವುದು ಅಂತ ತಿಳಿಯಲು ಹೊತ್ತು ಹಿಡಿಯುತ್ತದೆ. ತಾಯಿ ಬಂದು ಕೂತ ಮೇಲೇ ಖಾತ್ರಿ.

ಏಪ್ರಿಲ್ ಮಧ್ಯಾಹ್ನ ನೋಡಬೇಕಾದ ಒಂದು ಸಂಗತಿ ಇದೆ. ಕೂತ ಹಕ್ಕಿ ಎದ್ದು ನೀರಿನ ಮೇಲೆ ತಗ್ಗಿ ಹಾರಿ, ಹೊಟ್ಟೆಯ ಗರಿ ಅದ್ದಿ, ಮತ್ತೆ ಬಂದು ಮೊಟ್ಟೆಯ ಮೇಲೆ ಕೂರುತ್ತದೆ. ಬೋಳು ನೆಲ ಕಾದ ಹೆಂಚಿನಂತಾಗಿರುವಾಗ ಮೊಟ್ಟೆಗೆ ಬೇಕಾದ್ದು ಕಾವಲ್ಲ, ತಂಪು. ಗಂಡು ಹೆಣ್ಣು ಸರದಿಯಲ್ಲಿ ಇದನ್ನು ಮಾಡುತ್ತವೆ. ಲೆನ್ಸಿನಲ್ಲಿ ಹಿಡಿದು ನೋಡಿದರೆ ಎದೆಯಿಂದ ನೀರಿನ ಹನಿ ಉದುರಿ ಮೊಟ್ಟೆಯ ಪಕ್ಕದ ಮಣ್ಣು ಕಪ್ಪಾಗುವುದು, ಅರೆಕ್ಷಣದಲ್ಲಿ ಮತ್ತೆ ಒಣಗಿ ಬಿಳಿಚುವುದು ಕಾಣುತ್ತದೆ. ದ್ವೀಪಕ್ಕೆ ಇಳಿದು ಫೋಟೋ ತೆಗೆಯುವವರ ಮೇಲೆ ನನಗೆ ಸಿಟ್ಟು ಬರುವುದು ಈ ಕಾರಣಕ್ಕೇ. ನಾವು ಹತ್ತು ನಿಮಿಷ ದಿಬ್ಬದ ಮೇಲೆ ಓಡಾಡಿದರೆ ನೂರಾರು ಹಕ್ಕಿ ತಲೆಯ ಮೇಲೆ ಕಿರುಚಾಡುತ್ತಿರುತ್ತವೆ, ಅಷ್ಟೂ ಹೊತ್ತು ಮೊಟ್ಟೆಗಳು ಬಿಸಿಲಿಗೆ ಬೇಯುತ್ತಿರುತ್ತವೆ. ಕಾಗೆ, ಹದ್ದುಗಳು ಕಾಯುತ್ತಲೇ ಇರುತ್ತವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕಾಡುಹಕ್ಕಿಯ ಗೂಡು, ಮೊಟ್ಟೆಗಳಿಗೆ ತೊಂದರೆ ಕೊಡುವುದನ್ನೂ ಬೇಟೆಯ ವ್ಯಾಖ್ಯೆಯಲ್ಲೇ ಸೇರಿಸಿದೆ. ಕೋವಿ ಹಿಡಿದವನು ಮಾತ್ರ ಬೇಟೆಗಾರ ಅಂದುಕೊಂಡವರು ಒಮ್ಮೆ ಓದಬೇಕು.

ಹಳೆಯ ಕಾಲದವರನ್ನು ಈ ವಿಷಯದಲ್ಲಿ ದೂರುವುದು ನ್ಯಾಯವಲ್ಲ. ಎಂ.ವೈ. ಘೋರ್ಪಡೆ, ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಅಂಥವರು ಕರ್ನಾಟಕದ ಕಾಡನ್ನು ಫಿಲ್ಮಿಗೆ ಇಳಿಸುತ್ತಿದ್ದ ದಿನಗಳಲ್ಲಿ ಫಿಲ್ಮು ನಿಧಾನ, ಲೆನ್ಸು ಗಿಡ್ಡ. ಹಾರುವ ಹಕ್ಕಿಯನ್ನು ಚೂಪಾಗಿ ಹಿಡಿಯುವುದು ಬಹಳ ಕಷ್ಟ. ಆಗ ಜಗತ್ತಿನ ಎಲ್ಲ ಕಡೆಯೂ ಹಕ್ಕಿ ಚಿತ್ರ ಅಂದರೆ ಬಹುಪಾಲು ಗೂಡಿನ ಚಿತ್ರವೇ. ಮರೆ ಕಟ್ಟಿಕೊಂಡು ಗಂಟೆಗಟ್ಟಲೆ ಕೂತು, ಹಕ್ಕಿ ತಾನಾಗಿ ವಾಪಸು ಬರುವ ಒಂದೇ ಜಾಗಕ್ಕೆ ಫೋಕಸ್ ಮಾಡಿ ಕಾಯಬೇಕಿತ್ತು. ಇವತ್ತು ನಮ್ಮ ಕೈಯಲ್ಲಿ 600 ಎಂಎಂ ಲೆನ್ಸು ಇದೆ, ಹಕ್ಕಿಯ ಕಣ್ಣನ್ನು ಹುಡುಕಿ ಹಿಡಿಯುವ ಕ್ಯಾಮೆರಾ ಇದೆ. ಇನ್ನೂ ಗೂಡಿನ ಪಕ್ಕಕ್ಕೇ ಹೋಗಬೇಕು ಅನ್ನುವವರಿಗೆ ಚಪಲ ಬಿಟ್ಟರೆ ಬೇರೆ ಕಾರಣ ಇಲ್ಲ.

ತಾಂತ್ರಿಕವಾಗಿ ಹೇಳುವುದು ಕಡಿಮೆ. ದೋಣಿಯಲ್ಲಿ ಟ್ರೈಪಾಡ್ ವ್ಯರ್ಥ, ಇಂಜಿನ್ನಿನ ನಡುಕ ಎಲ್ಲ ಅದರ ಕಾಲಿಂದಲೇ ಹತ್ತುತ್ತದೆ. ಅಂಚಿನ ಮೇಲೆ ಅಕ್ಕಿಯೋ ಕಾಳೋ ತುಂಬಿದ ಬಟ್ಟೆಚೀಲ ಇಟ್ಟರೆ ಸಾಕು. ಸೆಕೆಂಡಿನ 2000ನೇ ಒಂದು ಭಾಗಕ್ಕಿಂತ ನಿಧಾನ ಆದರೆ ರೆಕ್ಕೆ ಮಸುಕು. ಹಿಂದೆ ಕಡುಹಸಿರು ಕಾಡು ಇದ್ದಾಗ ಕ್ಯಾಮೆರಾದ ಮೀಟರ್ ಕಾಡನ್ನೇ ನೋಡಿ ಬೆಳಕು ಹೆಚ್ಚಿಸಿ ಹಕ್ಕಿಯ ಬಿಳಿಯನ್ನು ಸುಣ್ಣ ಮಾಡಿಬಿಡುತ್ತದೆ, ಅದಕ್ಕೆ ಮುಕ್ಕಾಲು ಸ್ಟಾಪಿನಷ್ಟಾದರೂ (ಸ್ಟಾಪ್ ಅಂದರೆ ಕ್ಯಾಮೆರಾದಲ್ಲಿ ಬೆಳಕಿನ ಅಳತೆ) ಇಳಿಸಿಟ್ಟುಕೊಳ್ಳಬೇಕು. ಬೆಳಗ್ಗೆ ಒಂಬತ್ತೂವರೆ ಆದ ಮೇಲೆ ನೀರಿನ ಮೇಲಿನ ಝಳಕ್ಕೆ ಎಷ್ಟು ದುಬಾರಿ ಲೆನ್ಸೂ ಉಪಯೋಗಕ್ಕೆ ಬರುವುದಿಲ್ಲ. ಆಮೇಲೆ ಕ್ಯಾಮೆರಾ ಕೆಳಗಿಟ್ಟು ನೋಡುವುದೇ ಲೇಸು. ಹೊಟ್ಟೆ ಅದ್ದಿಕೊಳ್ಳುವ ಆಟ ಶುರುವಾಗುವುದೇ ಆಗ. ಹಾಗಾಗಿ ನನ್ನ ಹತ್ತಿರ ಅದರ ಒಳ್ಳೆ ಚಿತ್ರ ಒಂದೂ ಇಲ್ಲ.

ಇನ್ನು ಶರಾವತಿ. ಇಲ್ಲಿ ಕತೆ ತಿರುವುಮುರುವು.

ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಅದು ತುಂಬಿದಾಗ ಮುಳುಗಿದ್ದರ ಪಟ್ಟಿಯಲ್ಲಿ ಊರು, ಗದ್ದೆ, ತೋಟ, ಗುಡಿಗಳ ಜೊತೆ ಇನ್ನೊಂದು ಅಣೆಕಟ್ಟೂ ಇದೆ. ಮಡೇನೂರಿನ ಹಿರೇಭಾಸ್ಕರ ಅಣೆಕಟ್ಟು. ಮೈಸೂರು ಸಂಸ್ಥಾನದವರು ಜೋಗದ ವಿದ್ಯುದಾಗಾರಕ್ಕೆ ವರ್ಷವಿಡೀ ನೀರು ಸಿಗಲೆಂದು ಕಟ್ಟಿಸಿದ್ದು. 1948ರಲ್ಲಿ ಆ ವಿದ್ಯುದಾಗಾರ ಶುರುವಾಯಿತು, ಇವತ್ತು ಅದಕ್ಕೆ ಮಹಾತ್ಮ ಗಾಂಧಿಯವರ ಹೆಸರು. ಹದಿನಾರು ವರ್ಷ ದುಡಿದ ಅಣೆಕಟ್ಟನ್ನು ಅದಕ್ಕಿಂತ ಎಷ್ಟೋ ಪಾಲು ದೊಡ್ಡದಾದ ಇನ್ನೊಂದು ಅಣೆಕಟ್ಟು ನುಂಗಿತು. ಮಳೆ ಕೈಕೊಟ್ಟ ವರ್ಷ, ಕರೆಂಟಿಗಾಗಿ ನೀರು ಬಿಟ್ಟು ಬಿಟ್ಟು ಲಿಂಗನಮಕ್ಕಿ ತಳ ಕಾಣುವ ಹೊತ್ತಿಗೆ ಮೇ ಕೊನೆಗೋ ಜೂನಿನಲ್ಲೋ ಅದು ಮತ್ತೆ ಮೇಲೇಳುತ್ತದೆ. ಮೊದಲು ತಲೆ, ಆಮೇಲೆ ಭುಜ, ಬರಗಾಲವೇ ಆದರೆ ಸೊಂಟದವರೆಗೆ. ಸುತ್ತ ನೀರು, ನಡುವೆ ಉದ್ದಕ್ಕೆ ಕಲ್ಲಿನ ಕಟ್ಟೆ, ಅದೂ ಒಂದು ದ್ವೀಪವೇ.

ಆ ವರ್ಷಗಳಲ್ಲಿ ರೀಲ್ಸುಗಳ ಮಳೆ. ಹಿನ್ನೆಲೆಯಲ್ಲಿ ಶಂಖ, ಜಾಗಟೆ, "ನೀರಿನಿಂದ ಎದ್ದು ಬಂದ ಪ್ರಾಚೀನ ಅದ್ಭುತ" ಎಂದು ದಪ್ಪ ಅಕ್ಷರ. ಕೆಳದಿಯ ನಾಯಕರು ಕಟ್ಟಿಸಿದ್ದು ಅಂತ ಒಬ್ಬರು ಬರೆದಿದ್ದರು. ನನ್ನ ಅಜ್ಜಿ ಬದುಕಿದ್ದರೆ ಈ ಅಣೆಕಟ್ಟಿಗಿಂತ ದೊಡ್ಡವರಾಗಿರುತ್ತಿದ್ದರು. ಪಾಚಿ, ಕೆಸರು, ಬಿರುಕು ಕಂಡ ಕೂಡಲೇ ಎಲ್ಲದಕ್ಕೂ ಸಾವಿರ ವರ್ಷ ಹಚ್ಚಿಬಿಡುವ ಚಾಳಿ ನಮಗಿದೆ. ಈ ಚಾಳಿಗೆ ಕ್ಯಾಮೆರಾವೂ ಚೆನ್ನಾಗಿ ಕೈಜೋಡಿಸುತ್ತದೆ. ಸಂಜೆಯ ಓರೆ ಬೆಳಕು, ಸ್ವಲ್ಪ ಮೋಡ, ಚಿತ್ರವನ್ನು ಕಪ್ಪುಬಿಳುಪು ಮಾಡಿದರಂತೂ ಹಂಪಿಯ ತಮ್ಮನೇ.

ನಿಜವಾಗಿ ನೋಡಿದರೆ ಇಲ್ಲಿನ ಸೊಗಸು ಇರುವುದು ಅದು ಹೊಸದಾಗಿತ್ತು ಅನ್ನುವುದರಲ್ಲಿ. ಕಟ್ಟೆಯ ಒಂದು ಭಾಗದಲ್ಲಿ ಸಾಲಾಗಿ ದುಂಡನೆಯ ಗುಮ್ಮಟದ ತಲೆಗಳು ನಿಂತಿವೆ. ರೀಲ್ಸಿನವರು ಗೋಪುರ ಅನ್ನುತ್ತಾರೆ. ಅವು ಸೈಫನ್ನುಗಳು. ಮೈಸೂರಿನ ಇಂಜಿನಿಯರ್ ಗಣೇಶ ಅಯ್ಯರ್ ರೂಪಿಸಿದ ಮಾದರಿ. ಗೇಟು ಇಲ್ಲ, ಎತ್ತಲಿಕ್ಕೆ ಆಳು ಬೇಡ. ಗುಮ್ಮಟದೊಳಗೆ ನೆಟ್ಟಗೆ ಕೆಳಗಿಳಿಯುವ ಲಾಳಿಕೆಯಂಥ ಬಾವಿ, ಅದರ ಬಾಯಿಯ ಸುತ್ತ ಓರೆಯಾಗಿ ತಿರುಚಿದ ರೆಕ್ಕೆಗಳು. ಜಲಾಶಯ ತುಂಬಿ ನೀರು ಬಾಯಿಯ ಅಂಚು ದಾಟಿದರೆ ಆ ರೆಕ್ಕೆಗಳು ಅದನ್ನು ಸುಳಿಯಾಗಿ ತಿರುಗಿಸಿ ಒಳಗೆ ಬಿಡುತ್ತವೆ. ಸುಳಿ ಗುಮ್ಮಟದೊಳಗಿನ ಗಾಳಿಯನ್ನೂ ಎಳೆದುಕೊಂಡು ಹೋಗುತ್ತದೆ. ಗಾಳಿ ಖಾಲಿಯಾದದ್ದೇ ತಡ ಬಾವಿ ಪೂರ್ತಿ ತುಂಬಿ ಎಳೆಯತೊಡಗುತ್ತದೆ. ಮಟ್ಟ ಇಳಿದು ಮತ್ತೆ ಗಾಳಿ ಹೊಕ್ಕರೆ ತಾನಾಗಿ ನಿಲ್ಲುತ್ತದೆ. ಕುಣಿಗಲ್ ತಾಲೂಕಿನ ಮಾರ್ಕೋನಹಳ್ಳಿ ಜಲಾಶಯದಲ್ಲೂ ಸೈಫನ್ ವ್ಯವಸ್ಥೆ ಇದೆ, ಅಲ್ಲಿ ಕೋಡಿ ಬಿದ್ದಾಗ ನೋಡಲು ಜನ ಸೇರುತ್ತಾರೆ. ಮಡೇನೂರಿನಲ್ಲಿ ಮಾತ್ರ ಅವು ಈಗ ನೀರಿನ ಅಡಿಯಲ್ಲಿ ಸುಮ್ಮನೆ ನಿಂತಿವೆ.

ಇವುಗಳನ್ನು ಹತ್ತಿರದಿಂದ ನೋಡುವಾಗ ನನಗೆ ಹೆಚ್ಚು ಖುಷಿ ಕೊಟ್ಟಿದ್ದು ವಾಸ್ತು ಮಾತ್ರ ಅಲ್ಲ. ಕಲ್ಲಿನ ಸಂದಿಯಲ್ಲಿ ಸಿಹಿನೀರಿನ ಕಪ್ಪೆಚಿಪ್ಪುಗಳು ಬಾಯಿ ತೆರೆದು ಒಣಗಿದ್ದವು. ಕಟ್ಟೆಯ ಮೇಲೆ ಒಂದು ಮೂಲೆಯಲ್ಲಿ ನೀರುನಾಯಿಯ ಹಿಕ್ಕೆ, ಅದರ ತುಂಬ ಮೀನಿನ ಪೊರೆ, ಏಡಿಯ ಚಿಪ್ಪಿನ ಕೆಂಪು ಚೂರು. ನೀರುನಾಯಿಗಳು ಗಡಿ ಹಾಕಿದ ಹಾಗೆ ಒಂದೇ ಜಾಗದಲ್ಲಿ ಮತ್ತೆ ಮತ್ತೆ ಹಿಕ್ಕೆ ಹಾಕುತ್ತವೆ, ಹಾಗಾಗಿ ಇದು ದಾರಿಹೋಕನ ಗುರುತಲ್ಲ, ಮನೆಯವರದೇ. ಗುಮ್ಮಟಗಳ ಮೇಲೆ ನೀರುಕಾಗೆಗಳು ರೆಕ್ಕೆ ಹರಡಿಕೊಂಡು ಒಂದೊಂದು ತಲೆಗೆ ಒಂದೊಂದರಂತೆ ಕೂತಿದ್ದವು. ವನ್ಯಜೀವಿ ಚಿತ್ರವೋ ಪಾಳು ಕಟ್ಟಡದ ಚಿತ್ರವೋ ಎಂದು ಬೇರೆ ಮಾಡಲಾಗದ ಒಂದು ಚಿತ್ರ ನನಗೆ ಅಲ್ಲಿ ಸಿಕ್ಕಿತು. ಸ್ಪರ್ಧೆಗಳಿಗೆ ಕಳಿಸಲು ಅದು ಯಾವ ವಿಭಾಗಕ್ಕೂ ಸೇರುವುದಿಲ್ಲ.

ಅದೇ ಚಿತ್ರವನ್ನು ನನ್ನ ಗೆಳೆಯನ ಅಪ್ಪಯ್ಯನಿಗೆ ತೋರಿಸಿದೆ. ಎಪ್ಪತ್ತು ದಾಟಿದವರು, ಮುಳುಗಡೆಯಲ್ಲಿ ಊರು ಕಳೆದುಕೊಂಡು ಶಿವಮೊಗ್ಗದ ಕಡೆಗೆ ಬಂದ ಕುಟುಂಬ. ಬಂದಾಗ ಹತ್ತು ಹನ್ನೆರಡರ ಹುಡುಗ. ಸರ್ಕಾರ ತೋರಿಸಿದ ಕಾಡುಜಾಗದಲ್ಲಿ ಮರ ಕಡಿದು ಗದ್ದೆ ಮಾಡಿಕೊಂಡವರು. ಮುಳುಗಡೆಯವರ ಹಕ್ಕುಪತ್ರದ ತಕರಾರು ಇವತ್ತಿಗೂ ಪೂರ್ತಿ ಬಗೆಹರಿದಿಲ್ಲ, ಚುನಾವಣೆ ಬಂದಾಗಲೆಲ್ಲ ಅದು ಭಾಷಣಕ್ಕೆ ಹತ್ತಿ ಇಳಿಯುತ್ತಿರುತ್ತದೆ. ಲ್ಯಾಪ್‌ಟಾಪಿನ ಪರದೆಯನ್ನು ಅವರ ಕಡೆ ತಿರುಗಿಸಿ, ನೋಡಿ ಅಪ್ಪಯ್ಯ, ಹಾಳುಬಿದ್ದಿದ್ದು ಎಷ್ಟು ಚಂದ ಕಾಣ್ತದೆ ಅಂದೆ.

"ಎಂತ ಹಾಳು ಮಾರಾಯ? ಹೊಸಾ ಕಟ್ಟೆ ಅಲ್ವಾ ಇದು!"

ಅವರಿಗೆ ಅದು ಹೊಸ ಕಟ್ಟೆಯೇ. ಸಣ್ಣವರಿದ್ದಾಗ ಮಳೆಗಾಲದಲ್ಲಿ ಸೈಫನ್ ಹೊಡೆಯುವುದು ನೋಡಲು ಅವರ ಅಪ್ಪ ಕರೆದುಕೊಂಡು ಹೋಗಿದ್ದರಂತೆ. ಆ ಸದ್ದಿಗೆ ಕೊಟ್ಟಿಗೆಯ ದನ ಬೆದರುತ್ತಿದ್ದವಂತೆ. ಆಮೇಲೆ ಅವರು ನನ್ನ ನೀರುಕಾಗೆಗಳನ್ನು ಬಿಟ್ಟು, ಗುಮ್ಮಟಗಳನ್ನು ಬಿಟ್ಟು, ಚಿತ್ರದ ಎಡಗಡೆ ಮೂಲೆಗೆ ಬೆರಳಿಟ್ಟರು. ಇಳಿದ ನೀರಿನ ಅಂಚಿನಲ್ಲಿ ಮಣ್ಣಿನ ಗೆರೆಗಳು ಮೆಟ್ಟಿಲು ಮೆಟ್ಟಿಲಾಗಿ ಇದ್ದವು. ನಾನು ಅವನ್ನು ನೀರು ಇಳಿಯುವಾಗ ಬಿಟ್ಟ ಗುರುತು ಅಂದುಕೊಂಡು ಚಿತ್ರದಲ್ಲಿ ಸೇರಿಸಿಕೊಂಡಿದ್ದೆ. "ಇದು ಗದ್ದೆ ಅಂಚು. ಬದು ಇನ್ನೂ ನಿಂತದೆ ನೋಡು" ಅಂದರು. ಯಾರ ಗದ್ದೆ ಅಂತ ಕೇಳಿದೆ. ಎರಡು ಮನೆತನದ ಹೆಸರು ಹೇಳಿ, ಇಲ್ಲ ಅದು ಆಚೆ ಮಗ್ಗುಲಿನದು ಅಂತ ತಮ್ಮೊಳಗೇ ಜಗಳ ಮಾಡಿಕೊಂಡು, ಕನ್ನಡಕ ಒರೆಸಿ ಮತ್ತೆ ನೋಡಿದರು. ಅರವತ್ತು ವರ್ಷ ನೀರಿನಡಿ ಇದ್ದ ಬದು ಕರಗದೆ ಹೇಗೆ ಉಳಿಯಿತು ಎಂದು ನನಗೆ ಆಶ್ಚರ್ಯ. ಅವರಿಗೆ ಅದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ಕಟ್ಟಿದವರು ಸರಿಯಾಗಿ ಕಟ್ಟಿದ್ದರು, ಅಷ್ಟೇ.

ಅವತ್ತಿನಿಂದ ಶರಾವತಿಯ ಚಿತ್ರಗಳನ್ನು ನೋಡುವ ಕ್ರಮ ನನಗೆ ಬದಲಾಗಿದೆ. ಎಡಿಟ್ ಮಾಡುವಾಗ ಮೂಲೆಗಳನ್ನು ಕತ್ತರಿಸಲು ಕೈ ಬರುವುದಿಲ್ಲ. ಪ್ರತಿ ಚಿತ್ರದ ಜೊತೆ ದಿನಾಂಕ, ಆ ದಿನದ ನೀರಿನ ಮಟ್ಟ ಎರಡನ್ನೂ ಬರೆದಿಡುತ್ತೇನೆ. ಒಂದು ಪ್ರದರ್ಶನಕ್ಕೆ ಕೊಟ್ಟಾಗ ವ್ಯವಸ್ಥಾಪಕರು ಮಟ್ಟದ ಅಂಕಿ ತೆಗೆದುಹಾಕಿ "ಕಾಲದ ಮೌನ" ಅಂತ ಹೆಸರಿಟ್ಟರು. ನೋಡುವವರಿಗೆ ಅಡಿ ಲೆಕ್ಕ ಯಾಕೆ ಸರ್ ಅಂದರು. ಯಾಕೆಂದರೆ ಹತ್ತು ಅಡಿ ನೀರು ಹೆಚ್ಚಿದ್ದರೆ ಈ ಚಿತ್ರದಲ್ಲಿ ಬರೀ ಆಕಾಶ ಇರುತ್ತಿತ್ತು.

ಇಲ್ಲಿ ನಿಜವಾದ ದ್ವೀಪ, ನಿಜವಾದ ಪ್ರಾಚೀನ ಪಾಳು ಇಲ್ಲವೇ ಅಂತ ಕೇಳಿದರೆ ಎರಡೂ ಇವೆ, ಆದರೆ ಬೇರೆ ಬೇರೆ ಕಡೆ. ಕೋಟೆ ಬೇಕಾದವರು ಕವಲೇದುರ್ಗಕ್ಕೋ ಬಿದನೂರು ನಗರಕ್ಕೋ ಹೋಗಬಹುದು. 1763ರಲ್ಲಿ ಹೈದರ್ ಅಲಿ ಬಿದನೂರನ್ನು ಹಿಡಿಯುವವರೆಗೆ ಅವು ಕೆಳದಿ ಅರಸರ ನೆಲೆಗಳು. ಮಳೆಗಾಲದಲ್ಲಿ ಒಳ್ಳೆ ಹಸಿರು, ಭಾನುವಾರ ಜನಜಾತ್ರೆ. ಅದರ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ.

ದ್ವೀಪ ಬೇಕಾದವರು ಮಂಡಗದ್ದೆಗೆ ಹೋಗಬೇಕು. ಶಿವಮೊಗ್ಗದಿಂದ ತೀರ್ಥಹಳ್ಳಿ ದಾರಿಯಲ್ಲಿ ಮೂವತ್ತು ಕಿಲೋಮೀಟರ್, ರಸ್ತೆ ಪಕ್ಕದಲ್ಲೇ ತುಂಗೆ, ತುಂಗೆಯ ನಡುವೆ ಒಂದೆಕರೆಗಿಂತ ಸ್ವಲ್ಪ ಹೆಚ್ಚಿನ ಒಂದು ನಡುಗಡ್ಡೆ. ಇದನ್ನು ಹೊಳೆಯೇ ಮಾಡಿದ್ದು, ಅಣೆಕಟ್ಟಲ್ಲ. ಇಲ್ಲಿನ ಹಕ್ಕಿಗಳ ಪಂಚಾಂಗವೂ ಭದ್ರೆಗೆ ಉಲ್ಟಾ. ಅಲ್ಲಿ ಬೇಸಿಗೆ, ನೀರು ಇಳಿದಾಗ. ಇಲ್ಲಿ ಜುಲೈ ಆಗಸ್ಟು, ಹೊಳೆ ಕೆಂಪಾಗಿ ಏರಿದಾಗ. ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿ, ಇರುಳು ಬಕ ಎಲ್ಲ ಸೇರಿ ಮರದ ಮೇಲೆ ಗೂಡು ಕಟ್ಟುತ್ತವೆ. ನೆರೆ ಬಂದು ನೆಲ ಮುಳುಗಿದರೂ ಕೊಂಬೆಯ ಮೇಲಿನವರಿಗೆ ಚಿಂತೆ ಇಲ್ಲ, ಬದಲಿಗೆ ಕೆಳಗಿಂದ ಯಾರೂ ಹತ್ತಿ ಬರದ ಹಾಗೆ ಹೊಳೆಯೇ ಕಾವಲು. ದಡದ ವೀಕ್ಷಣಾ ಗೋಪುರದಲ್ಲಿ ಕೊಡೆ ಹಿಡಿದು ನಿಂತರೆ ಮರಿಗಳ ಕೂಗು, ಪಿಚಿಕೆಯ ವಾಸನೆ, ಹಿಂದೆ ಹೆದ್ದಾರಿಯ ಬಸ್ಸಿನ ಹಾರ್ನು ಎಲ್ಲ ಒಟ್ಟಿಗೆ. ಮಳೆಯಲ್ಲಿ ಲೆನ್ಸಿಗೆ ಪ್ಲಾಸ್ಟಿಕ್ ಕಟ್ಟಿ ತೆಗೆದ ಚಿತ್ರಗಳಲ್ಲಿ ಬಿಳಿ ಹಕ್ಕಿ, ಬೂದು ಆಕಾಶ, ಕೆಂಪು ನೀರು. ಬಿಸಿಲಿನಲ್ಲಿ ತೆಗೆದ ಚಿತ್ರಕ್ಕಿಂತ ನನಗೆ ಇವೇ ಇಷ್ಟ. ಬೆಳಕು ಕಡಿಮೆ ಇದ್ದರೂ ಗರಿಯ ಒಂದೊಂದು ಎಳೆ ಉಳಿಯುತ್ತದೆ.

ಮತ್ತೆ ಶರಾವತಿಗೆ ಬರುತ್ತೇನೆ, ಯಾಕೆಂದರೆ ಅಲ್ಲಿ ಇನ್ನೊಂದು ಜಗಳ ಬಾಕಿ ಇದೆ.

2025ರ ಜುಲೈನಲ್ಲಿ ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವೆ ಹಿನ್ನೀರಿನ ಮೇಲೆ ಸೇತುವೆ ಶುರುವಾಯಿತು. ಅಲ್ಲಿಯವರೆಗೆ ಆಚೆ ದಡದ ತುಮರಿ, ಸಿಗಂದೂರು ಕಡೆಯವರಿಗೆ ಜನ, ವಾಹನ ದಾಟಿಸುವ ಹೊಳೆಬಾಗಿಲಿನ ಲಾಂಚೇ ಗತಿ. ನಮ್ಮ ಫೋಟೋ ಬಳಗದಲ್ಲಿ ಹಲವರು ಇದಕ್ಕೆ ಕಣ್ಣೀರು ಹಾಕಿದರು. ಲಾಂಚಿನ ಮುಂಭಾಗ ಹಕ್ಕಿ ತೆಗೆಯಲು ಹೇಳಿ ಮಾಡಿಸಿದ ಜಾಗವಾಗಿತ್ತು ನಿಜ. ನೀರಿನ ಮಟ್ಟಕ್ಕೇ ಕಣ್ಣು, ನಿಧಾನ ವೇಗ, ಎರಡೂ ಕಡೆ ನಡುಗಡ್ಡೆಗಳು. ಆದರೆ ಸಂಜೆ ಕೊನೆಯ ಲಾಂಚ್ ಹೋದ ಮೇಲೆ ಹೆರಿಗೆ ನೋವು ಬಂದ ಹೆಂಗಸನ್ನು ಎಲ್ಲಿಂದ ಎಲ್ಲಿಗೆ ಸುತ್ತಿಸಿ ಕರೆದೊಯ್ಯಬೇಕಿತ್ತು ಅನ್ನುವುದನ್ನು ಆ ಕಡೆಯವರ ಬಾಯಲ್ಲೇ ಕೇಳಬೇಕು. ಕರೆಂಟಿಗಾಗಿ ಊರು ಬಿಟ್ಟುಕೊಟ್ಟ ಸೀಮೆ, ಒಂದು ಸೇತುವೆಗೆ ಅರವತ್ತು ವರ್ಷ ಕಾಯಿತು. ನಮ್ಮ ಚಂದದ ಫ್ರೇಮಿಗಾಗಿ ಅವರು ಇನ್ನಷ್ಟು ಕಾಯಬೇಕಿತ್ತೇ?

ಇದರಲ್ಲಿ ನನಗೆ ಹೆಚ್ಚು ಚುಚ್ಚುವುದು ಬೇರೆಯೇ. ಮಡೇನೂರಿನ ಕಟ್ಟೆ ಮೇಲೇಳುವಷ್ಟು ನೀರು ಇಳಿದ ವರ್ಷಗಳಲ್ಲಿ ಲಾಂಚಿಗೆ ವಾಹನ ಹತ್ತಿಸುವುದನ್ನು ನಿಲ್ಲಿಸುತ್ತಿದ್ದರು. ಪ್ಲಾಟ್‌ಫಾರಂಗೆ ಲಾಂಚ್ ಸರಿಯಾಗಿ ತಾಗುತ್ತಿರಲಿಲ್ಲ. ಅಂದರೆ ನಾವು ಹಿಗ್ಗಿ ಸಾಗರದ ಬಸ್ಸು ಹತ್ತಿದ ದಿನಗಳೇ ತುಮರಿಯವರು ಗೊಬ್ಬರದ ಚೀಲ, ಗ್ಯಾಸ್ ಸಿಲಿಂಡರನ್ನು ತಲೆಯ ಮೇಲೆ ಹೊತ್ತು ದಾಟಿದ ದಿನಗಳು. ಭದ್ರೆಯಲ್ಲೂ ಹೀಗೇ. ಮುಂಗಾರು ಪೂರ್ವ ಮಳೆ ಮೇ ತಿಂಗಳಲ್ಲೇ ಜೋರಾಗಿ ನೀರು ಏರಿದರೆ ತಡವಾಗಿ ಇಟ್ಟ ಟರ್ನ್ ಮೊಟ್ಟೆಗಳು ಮುಳುಗುವ ಭಯ. ಮಳೆ ತಡವಾಗಲಿ ಎಂದು ನಾನು ಒಳಗೊಳಗೇ ಹಾರೈಸುವ ಅದೇ ವಾರ ನನ್ನ ಮನೆಯ ಹಿಂದಿನ ತೋಟದವರು ಆಕಾಶ ನೋಡುತ್ತ ನಿಂತಿರುತ್ತಾರೆ.

ಅಪ್ಪಯ್ಯನಿಗೆ ಆ ಚಿತ್ರದ ದೊಡ್ಡ ಪ್ರಿಂಟ್ ಹಾಕಿಸಿಕೊಟ್ಟೆ, ಮೂಲೆ ಕತ್ತರಿಸದೆ. ಅದನ್ನು ಗೋಡೆಗೆ ಹಾಕದೆ ಮಂಚದ ಕೆಳಗೆ ಇಟ್ಟುಕೊಂಡಿದ್ದಾರೆ, ಬಂದವರಿಗೆ ಎಳೆದು ತೋರಿಸಲು ಅನುಕೂಲ ಅಂತ. ಹಿಂದೆ ಪೆನ್ಸಿಲಿನಲ್ಲಿ ಹೆಸರುಗಳನ್ನು ಬರೆಸಿದ್ದಾರೆ, ಇದು ಇಂಥವರ ಗದ್ದೆ, ಇಲ್ಲಿ ಬಾವಿ, ಇಲ್ಲಿಂದ ಗಾಡಿ ದಾರಿ ಅಂತ. ಎರಡು ಕಡೆ ಹೊಡೆದು ತಿದ್ದಿಯೂ ಆಗಿದೆ. ಅವರ ವಾರಿಗೆಯ ಇನ್ನೊಬ್ಬರು ಬಂದು ಬಾವಿ ಅಲ್ಲಿರಲಿಲ್ಲ ಅಂತ ವಾದ ಹೂಡಿದರಂತೆ.

ಹೋದ ಸಲ ಹೋದಾಗ ನಾನೇ ಕೇಳಿದೆ: ಮುಂದಿನ ಸಲ ಕಟ್ಟೆ ಎದ್ದರೆ ನಿಮ್ಮನ್ನೂ ಕರೆದುಕೊಂಡು ಹೋಗ್ತೇನೆ, ಅರಣ್ಯ ಇಲಾಖೆಯಲ್ಲಿ ಅನುಮತಿ ಕೇಳುವ, ಕೆಸರಿನ ಭಾಗ ಕಷ್ಟ ಆದರೆ ಕುರ್ಚಿಯಲ್ಲಿ ಕೂರಿಸಿ ಎತ್ತಿಕೊಂಡು ಹೋಗುವ, ನೀವು ಆ ಬದುವಿನ ಮೇಲೆ ನಿಂತದ್ದು ಒಂದು ಫೋಟೋ ಬೇಕು. ಅವರ ಕಣ್ಣು ಒಂದು ಗಳಿಗೆ ಅರಳಿತು. ಮಂಡಿ ನೀವಿಕೊಳ್ಳುತ್ತ, ಕುರ್ಚಿ ಎಂತಕ್ಕೆ, ನಡಿತೇನೆ ಅಂದರು. ಆಮೇಲೆ ಹೊರಗೆ ಅಂಗಳದಾಚೆಯ ಅಡಿಕೆ ಸಸಿಗಳ ಕಡೆ ನೋಡಿ ಅಂದರು:

"ಅದಕ್ಕೆ ಮಳೆ ಕೈಕೊಡ್ಬೇಕಲ್ಲ ಮಾರಾಯ. ಬ್ಯಾಡ ಬಿಡು."